ಕೆಳದಿ ಸೀಮೆಯ ಕಡತಗಳು ಮತ್ತು ಬರಹವನ್ನು ಹುಡುಕುವ ಕ್ರಮ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಸೀಮೆಯಲ್ಲಿ ಕೆಳದಿ ಅರಸರ ಕಾಲದಿಂದ ಹತ್ತೊಂಬತ್ತನೆಯ ಶತಮಾನದವರೆಗೂ ಗದ್ದೆ ತೋಟಗಳ ಲೆಕ್ಕ, ಸಾಲದ ಕರಾರು, ಉಂಬಳಿಯ ವಿವರ ಮೊದಲಾದ ನಿತ್ಯದ ಬರಹಕ್ಕೆ ಮುಖ್ಯ ಸಾಧನವಾಗಿದ್ದುದು ಕಡತ. ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಯ ಎರಡೂ ಬದಿಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿಯನ್ನು ಕಲಸಿ ಬಳಿದು, ಒಣಗಿದ ಮೇಲೆ ಹಿಂದುಮುಂದಾಗಿ ಮಡಿಸಿ, ಎರಡು ತುದಿಗಳಿಗೂ ಮರದ ಹಲಗೆ ಕೂಡಿಸಿದರೆ ಕಡತವಾಗುತ್ತಿತ್ತು. ಅದರ ಮೇಲೆ ಬಳಪದಿಂದ, ಎಂದರೆ ಮೃದುವಾದ ಬಿಳಿಗಲ್ಲಿನ ಕಡ್ಡಿಯಿಂದ ಬರೆಯುತ್ತಿದ್ದರು. 1810ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಈ ಪಟ್ಟಿಗಳು ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದ ಇರುತ್ತಿದ್ದುವೆಂದೂ, ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಗಳ ಸಮೇತ ದಾಖಲಾಗಿದ್ದ ಸಾಲಪತ್ರವು ವ್ಯಾಜ್ಯದಲ್ಲಿ ಪುರಾವೆಯಾಗಿ ಅಂಗೀಕೃತವಾದುದನ್ನು ತಾನು ಕಂಡೆನೆಂದೂ ಬರೆದಿದ್ದಾನೆ. ಅಳಿಸಿ ತಿದ್ದಬಹುದಾದ ಬರಹವೆಂಬ ದೋಷ ಇದಕ್ಕಿದ್ದಿತು, ಸರ್ಕಾರಿ ಲೆಕ್ಕಕ್ಕೆ ಇದನ್ನು ಬಳಸದಂತೆ ಟಿಪ್ಪು ಸುಲ್ತಾನ ನಿಷೇಧಿಸಿದ್ದನು. ಆದರೂ ಬಾಳಿಕೆಯಲ್ಲಿ ಕಡತವು ಕಾಗದವನ್ನು ಮೀರಿಸುತ್ತದೆಂಬ ವಿಲ್ಕ್ಸನ ಅಭಿಪ್ರಾಯವನ್ನು ಇಂದಿಗೂ ಓದಲು ಬರುವ ಕಡತಗಳು ಸಮರ್ಥಿಸುತ್ತವೆ.

ಬರೆದಿಟ್ಟುದು ಬೇಕಾದಾಗ ಕೈಗೆ ಸಿಗಬೇಕೆಂಬ ಒತ್ತಡ ಈ ಸೀಮೆಯಲ್ಲಿ ಎಷ್ಟಿತ್ತೆಂಬುದಕ್ಕೆ ಕೆಳದಿಯ ಅರಸ ಶಿವಪ್ಪನಾಯಕನ (ಆಳ್ವಿಕೆ 1645–1660) ಶಿಸ್ತೇ ನಿದರ್ಶನ. ಶಿಸ್ತು ಎಂದರೆ ಭೂಮಿಗೆ ಗೊತ್ತುಪಡಿಸಿದ ಕಂದಾಯ. ಅದನ್ನು ನಿಗದಿಪಡಿಸುವ ಮುನ್ನ ಹನ್ನೆರಡು ವರ್ಷಗಳ ಕಾಲ ಹೊಲಗಳನ್ನು ಅರಮನೆಯ ಪರವಾಗಿ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು ಮತ್ತು ಅದರ ಬೆಲೆಯನ್ನು ಬರೆಯಿಸಿ, ಸರಾಸರಿ ತೆಗೆದು, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಅರಸನ ಪಾಲಾಗಿ ನಿಶ್ಚಯಿಸಲಾಯಿತೆಂದು ಪರಂಪರೆ ಹೇಳುತ್ತದೆ. ಹನ್ನೆರಡು ವರ್ಷದ ಲೆಕ್ಕದಲ್ಲಿ ಒಂದು ಊರಿನ ಒಂದು ಹೊಲವನ್ನು ಹುಡುಕಿ ಹೋಲಿಸಬೇಕಾದರೆ ಪ್ರತಿಯೊಂದು ನಮೂದೂ ಒಂದೇ ಕ್ರಮದಲ್ಲಿ ಇರಲೇಬೇಕು.

ಆ ಕಾಲದ ಪತ್ರಗಳ ಆರಂಭದಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿಗಳು ಬಂದು, ಆಮೇಲೆ ಸೀಮೆ, ಗ್ರಾಮ, ವ್ಯಕ್ತಿಗಳ ಹೆಸರು ಬರುವ ಪದ್ಧತಿ ಹುಡುಕುವವನಿಗೂ ದಾರಿ ತೋರಿಸುತ್ತಿತ್ತು. ಗ್ರಾಮದ ಲೆಕ್ಕವನ್ನು ವಂಶಪಾರಂಪರ್ಯವಾಗಿ ನೋಡಿಕೊಳ್ಳುತ್ತಿದ್ದ ಶಾನುಭೋಗನು ಕಡತದ ಮಡಿಕೆಗಳನ್ನು ಬಿಚ್ಚಿ ಈ ತಲೆಸಾಲುಗಳ ಮೇಲೆ ಕಣ್ಣಾಡಿಸಿದರೆ ಸಾಕಾಗುತ್ತಿತ್ತು, ಉಳಿದುದನ್ನು ಅವನ ನೆನಪು ತುಂಬಿಕೊಡುತ್ತಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ಆ ಹುದ್ದೆ ಕೊನೆಗೊಂಡಿತು. ಅದರೊಂದಿಗೆ ಆ ನೆನಪೂ ಹೋಯಿತು, ತಲೆಸಾಲುಗಳು ಮಾತ್ರ ಉಳಿದುವು.

ತಲೆಸಾಲನ್ನೇ ನಂಬಿ ಹುಡುಕುವುದರಲ್ಲಿಯೂ ತೊಡಕುಗಳಿವೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಕೇವಲ ‘ಸ್ವಭಾನು’ ಎಂದಿರುವ ಕಡತವು 1703ರದಾದರೆ ಕೆಳದಿಯ ಬಸವಪ್ಪನಾಯಕನ ಆಳ್ವಿಕೆಗೂ, 1763ರದಾದರೆ ಆಗತಾನೆ ಬಿದನೂರನ್ನು ಗೆದ್ದಿದ್ದ ಹೈದರ್ ಅಲಿಯ ಆಡಳಿತಕ್ಕೂ, 1823ರದಾದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೂ ಸೇರುತ್ತದೆ. ಶಕವರ್ಷವಿಲ್ಲದಿದ್ದರೆ ಅಕ್ಷರದ ರೂಪ, ನಾಣ್ಯದ ಹೆಸರು, ಅಧಿಕಾರಿಯ ಪದವಿ ಇವುಗಳಿಂದಲೇ ಕಾಲವನ್ನು ಊಹಿಸಬೇಕು. ಊರ ಹೆಸರುಗಳೂ ಹಾಗೆಯೇ: ಇಂದಿನ ನಗರವು ಬಿದರೂರು, ಬಿದನೂರು, ಹೈದರ್‌ನಗರ ಎಂದೆಲ್ಲ ಕರೆಯಿಸಿಕೊಂಡಿದೆ, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಭುವನಗಿರಿ ದುರ್ಗವೆಂಬ ಹೆಸರೂ ಇದೆ.

ಇತಿಹಾಸ ಸಂಶೋಧಕ ಕೆಳದಿ ಗುಂಡಾಜೋಯಿಸರ ಶ್ರಮದಿಂದ ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಬೆಳೆದ ವಸ್ತುಸಂಗ್ರಹಾಲಯವು ಇಂತಹ ಬರಹಗಳನ್ನೂ ತಾಳೆಗರಿಗಳನ್ನೂ ಕಾಪಾಡಿಕೊಂಡಿದೆ. ಆದರೆ ಛಾಯಾಚಿತ್ರ ತೆಗೆದಿಟ್ಟಮಾತ್ರಕ್ಕೆ ಕಡತದೊಳಗಿನ ಹೆಸರು ಸಿಗುವುದಿಲ್ಲ, ಅದನ್ನು ಓದಿ ಅಕ್ಷರಕ್ಕೆ ಇಳಿಸಬೇಕು. ಹಾಗೆ ಇಳಿಸಿದುದನ್ನು ಬರೆದಿಟ್ಟು ಹುಡುಕಲು ದುಬಾರಿ ತಂತ್ರಾಂಶದ ಅಗತ್ಯವಿಲ್ಲ. 2004ರಲ್ಲಿ ಜಾನ್ ಗ್ರೂಬರ್ ರೂಪಿಸಿದ ಮಾರ್ಕ್‌ಡೌನ್ ಎಂಬುದು ಶೀರ್ಷಿಕೆ, ಪಟ್ಟಿ ಮುಂತಾದುವನ್ನು ಸಾಧಾರಣ ಚಿಹ್ನೆಗಳಿಂದಲೇ ಗುರುತಿಸುವ, ಯಾವ ಕಂಪ್ಯೂಟರಿನಲ್ಲಿಯೂ ತೆರೆಯಬಹುದಾದ ಬರವಣಿಗೆಯ ಕ್ರಮ. 1973ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ರಚಿಸಿದ ಗ್ರೆಪ್ ಎಂಬುದು ಆದೇಶದ ಒಂದು ಸಾಲನ್ನು ಟೈಪ್ ಮಾಡಿದೊಡನೆ ಕಂಪ್ಯೂಟರಿನ ಸಾವಿರಾರು ಫೈಲುಗಳಲ್ಲಿ ಬೇಕಾದ ಪದವಿರುವ ಸಾಲುಗಳನ್ನೆಲ್ಲ ಫೈಲಿನ ಹೆಸರಿನೊಂದಿಗೆ ಹೊರತೆಗೆಯುವ ಸಾಧನ. ಬಿದರೂರು, ಬಿದನೂರು, ನಗರ ಮೂರನ್ನೂ ಒಂದೇ ಆದೇಶದಲ್ಲಿ ಹುಡುಕಲು ಅದರಲ್ಲಿ ಅವಕಾಶವಿದೆ. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪ್ರತಿಗಳನ್ನು ಮಾತ್ರ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಇಲ್ಲವಾದರೆ ಕನ್ನಡದ ಪದಕ್ಕೆ ಅವು ಓಗೊಡುವುದಿಲ್ಲ.

ಅಟ್ಟದ ಮೇಲೆ ಇಂದಿಗೂ ಕಡತಗಳನ್ನು ಇಟ್ಟುಕೊಂಡಿರುವ ಮನೆತನದವರು ಅವನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಬಳಪದ ಬರಹ ಅಳಿಸಿಹೋಗುತ್ತದೆ. ಚಿತ್ರ ತೆಗೆಸಿ, ಹಳೆಯ ಅಕ್ಷರ ಬಲ್ಲವರಿಂದ ಓದಿಸಿ, ಪ್ರತಿಯ ಮೊದಲ ಸಾಲಿನಲ್ಲಿ ಶಕವರ್ಷ, ಸಂವತ್ಸರ, ಗ್ರಾಮಗಳನ್ನು ಶಾನುಭೋಗರು ಬರೆದ ಕ್ರಮದಲ್ಲಿಯೇ ಬರೆದಿಡಬೇಕು.