ಅವ್ವನ ಪತ್ತೇದಾರ

1925ರಲ್ಲಿ ಹುಟ್ಟಿದ ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದು ಮಾತ್ರ ಐನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು! ಮೊದಲನೆಯದು, ‘ಪತ್ತೇದಾರ ಪುರುಷೋತ್ತಮ’, ಬಂದದ್ದು 1952ರಲ್ಲಿ. ಪುರುಷೋತ್ತಮ, ಮಧುಸೂದನ, ಅರಿಂಜಯ: ಅವರ ಪತ್ತೇದಾರರೆಲ್ಲ ಹೆಸರು ಕೇಳಿದರೆ ನಮ್ಮ ಕಡೆಯ ಹುಡುಗರೇ.

ಸಾಹಿತ್ಯದ ಪಡಸಾಲೆಯಲ್ಲಿ ಅವರಿಗೆ ಮಣೆ ಹಾಕಿದವರು ಕಡಿಮೆ. ಅದು ಅನ್ಯಾಯವೆಂದೇ ನನ್ನ ಎಣಿಕೆ.

ಶಾಮನೂರಿನ ನಮ್ಮ ಮನೆಗೆ ಆ ಪುಸ್ತಕಗಳು ದಾವಣಗೆರೆಯಿಂದ ಬಾಡಿಗೆಗೆ ಬರುತ್ತಿದ್ದವು, ಅಣ್ಣನ ಚೀಲದಲ್ಲಿ. ಓದುತ್ತಿದ್ದವಳು ಅವ್ವ, ಅದೂ ಅಪ್ಪ ಮಲಗಿದ ಮೇಲೆ. ಹೆಂಗಸರು ಕೊಲೆಯ ಕಥೆ ಓದಿದರೆ ಮನೆ ಕೆಟ್ಟೀತೆಂಬುದು ಅಪ್ಪನ ಲೆಕ್ಕ. ಮನೆಯೇನೂ ಕೆಡಲಿಲ್ಲ, ಒಂದೆರಡು ಸಲ ಹಾಲಿಗೆ ಹೆಪ್ಪು ಹಾಕುವುದು ಮರೆತಿತ್ತು, ಅಷ್ಟೇ. ಅವ್ವನೂ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕಲಿತ ಅಕ್ಷರ ಅವಳ ಕೈಬಿಡದಂತೆ ಕಾದದ್ದು ಪುರುಷೋತ್ತಮನೇ. 2011ರಲ್ಲಿ ನರಸಿಂಹಯ್ಯನವರು ತೀರಿಕೊಂಡ ಸುದ್ದಿಯನ್ನು ಪೇಪರಿನಲ್ಲಿ ಓದಿ ನನಗೆ ಹೇಳಿದವಳು ಅವಳೇ.