ಗಾಜಿನ ಬೀರುವಿನ ಮೂಲೆ

ನವರಾತ್ರಿಯ ಗೊಂಬೆಗಳನ್ನಿಡಲು ಮನೆಯಲ್ಲಿಯೇ ಗಾಜಿನ ಬೀರುವೊಂದನ್ನು ಮಾಡಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಚೌಕಟ್ಟಿನ ಮೂಲೆಗಳನ್ನು ಕೂಡಿಸುವುದು ಹೇಗೆ ಎಂಬುದು. ಇದು ಬಹು ಪುರಾತನವಾದ ಪ್ರಶ್ನೆ.

ಜರ್ಮನಿಯ ಲೈಪ್‌ಜಿಗ್ ನಗರದ ಬಳಿ ಸುಮಾರು 7,000 ವರ್ಷಗಳ ಹಿಂದಿನ ಬಾವಿಗಳು ದೊರೆತಿವೆ. ಅಂತರ್ಜಲದಲ್ಲಿ ಮುಳುಗಿದ್ದುದರಿಂದ ಅವುಗಳ ಓಕ್ ಮರದ ಕಟ್ಟು ಕೊಳೆಯದೆ ಉಳಿದಿದ್ದಿತು. ಅವುಗಳನ್ನು ಕುರಿತ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಲೋಹದ ಉಪಕರಣವಿಲ್ಲದ ಆ ಬೇಸಾಯಗಾರರು, ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರ ತೂತಿನಲ್ಲಿ ತೂರಿಸಿ, ಹೊರಬಂದ ಭಾಗಕ್ಕೆ ಬೆಣೆ ಹೊಡೆದಿದ್ದರು. ಮುಂದೆ ಈಜಿಪ್ಟಿನ ಬಡಗಿಗಳೂ ಈ ನಾಲಗೆ-ತೂತಿನ ಕ್ರಮವನ್ನೇ ಪೀಠೋಪಕರಣಗಳಲ್ಲಿ ಬಳಸಿದರು.

ಇದು ಬಾಳಿಬಂದುದಕ್ಕೆ ಕಾರಣವುಂಟು. ಮರವು ಮಳೆಗಾಲದಲ್ಲಿ ಅಗಲಕ್ಕೆ ಉಬ್ಬಿ, ಬೇಸಗೆಯಲ್ಲಿ ಕುಗ್ಗುತ್ತದೆ; ಉದ್ದದಲ್ಲಿ ವ್ಯತ್ಯಾಸ ಅತ್ಯಲ್ಪ. 45 ಡಿಗ್ರಿಗೆ ಕೊಯ್ದು ಬರಿಯ ಅಂಟಿನಿಂದ ಸೇರಿಸಿದ ಮೂಲೆ ನೋಟಕ್ಕೆ ಚೆಲುವು. ಆದರೆ ಎಳೆ ಕಡಿದ ಮುಖವನ್ನು ಅಂಟು ಬಲವಾಗಿ ಹಿಡಿಯದು. ಕೆಲವು ಮಳೆಗಾಲ ಕಳೆಯುವುದರೊಳಗೆ ಭಾರಕ್ಕೆ ಬಾಗಿಲು ಜಗ್ಗಿ, ಗಾಜು ಸೀಳೀತು.

ಆದುದರಿಂದ ಬಾಗಿಲಿಗೆ ನಾಲಗೆ-ತೂತಿನ ಮೂಲೆಯೇ ಇರಲಿ. ನಾಲಗೆಯ ದಪ್ಪ ಪಟ್ಟಿಯ ಮೂರನೆಯ ಒಂದು ಭಾಗವಿದ್ದರೆ ಸಾಕು. ಗಾಜಿಗೆ ಸುತ್ತಲೂ ಕೊಂಚ ಸಡಿಲ ಬಿಡಿ. ಅಜ್ಜಿಯ ಕಾಲದ ಗೊಂಬೆಗಳು ಮೊಮ್ಮಕ್ಕಳ ಕೈಗೂ ಇಡಿಯಾಗಿ ದಾಟಬೇಕಲ್ಲವೆ?