ಹಾಡುವ ಮರ, ಸುಮ್ಮನಿರುವ ಮರ

ವೀಣೆ ತಯಾರಿಸುವವರು ಹಲಸಿನ ಮರವನ್ನು ಬೆರಳಿನಿಂದ ತಟ್ಟಿ ಆರಿಸುತ್ತಾರೆ. ತಟ್ಟಿದರೆ ಅದು ದನಿ ಕೊಡಬೇಕು. ತಂತಿಯ ಸಣ್ಣ ಕಂಪನ ಕುದುರೆಯ ಮೂಲಕ ಇಳಿದು ಮರದ ಕಂಪನವಾಗಿ, ಅಲ್ಲಿಂದ ಗಾಳಿಗೆ ಸೇರುವುದೇ ಅಲ್ಲಿನ ವ್ಯವಸ್ಥೆ. ಮಂದ್ರ ಸ್ವರಗಳನ್ನಷ್ಟೇ ನುಡಿಸುವ ಧ್ವನಿವರ್ಧಕ, ಅಂದರೆ ಸಬ್‌ವೂಫರ್, ಇದಕ್ಕೆ ತದ್ವಿರುದ್ಧ. ಅದರ ಪೆಟ್ಟಿಗೆಯ ಮರ ಎಷ್ಟು ಮೌನವಾಗಿದ್ದರೆ ಅಷ್ಟು ಒಳ್ಳೆಯದು.

ವಾದ್ಯಗಳ ಈ ಗುಟ್ಟನ್ನು ನಮ್ಮಲ್ಲಿ ವಿಜ್ಞಾನದ ಕಣ್ಣಿನಿಂದ ನೋಡಿದವರಲ್ಲಿ ಸಿ.ವಿ. ರಾಮನ್ ಮೊದಲಿಗರು. ಕಲ್ಕತ್ತೆಯಲ್ಲಿದ್ದಾಗಲೇ, 1920ರಲ್ಲಿ, ಮೃದಂಗ ಮತ್ತು ತಬಲಗಳ ಬಗ್ಗೆ ಶಿವಕಾಳಿ ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಮರುವರ್ಷ ವೀಣೆ, ತಂಬೂರಿಗಳ ಸರದಿ. 1933ರಲ್ಲಿ ಬೆಂಗಳೂರಿಗೆ ಬಂದ ಅವರು 1948ರಲ್ಲಿ ಹೆಬ್ಬಾಳದ ದಾರಿಯಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ತೆರೆದರು. ಮೃದಂಗದ ಬಲಮುಖದ ಕಪ್ಪು ಕರಣೆ ಚರ್ಮದ ಕಂಪನಗಳನ್ನು ಸ್ವರಬದ್ಧವಾಗಿಸುತ್ತದೆ ಎಂದು ತೋರಿಸಿದ್ದು ಅವರ ಹಿರಿಮೆ. ಎಡಮುಖಕ್ಕೆ ಕಛೇರಿಗೆ ಮುಂಚೆ ಮೆತ್ತುವ ಕಲಸಿದ ರವೆಯನ್ನು ನೀವು ನೋಡಿರಬಹುದು. ತೂಕ ಹೆಚ್ಚಿದಂತೆ ದನಿ ತಗ್ಗುತ್ತದೆ. ಸಬ್‌ವೂಫರಿನ ಕಾಗದದ ಶಂಕುವನ್ನು ದೊಡ್ಡದಾಗಿ, ಭಾರವಾಗಿ ಮಾಡುವುದರ ಹಿಂದೆಯೂ ಇದೇ ತತ್ತ್ವವಿದೆ.

1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಇಂದಿನ ಮಾದರಿಯ ಧ್ವನಿವರ್ಧಕವನ್ನು ವಿವರಿಸಿದರು. ಶಂಕು ಮುಂದಕ್ಕೆ ಗಾಳಿಯನ್ನು ಒತ್ತುವಾಗ ಹಿಂದೆ ಗಾಳಿ ತೆಳುವಾಗುತ್ತದೆ. ಸೆಕೆಂಡಿಗೆ 40 ಕಂಪನಗಳ ದನಿಯ ಅಲೆ ಸುಮಾರು 8.5 ಮೀಟರ್ ಉದ್ದ; ಅಷ್ಟು ಉದ್ದದ ಅಲೆ ಪುಟ್ಟ ಶಂಕುವಿನ ಅಂಚನ್ನು ಸುಲಭವಾಗಿ ಬಳಸಿ ಬಂದು ಹಿಂಬದಿಯ ಅಲೆಯೊಡನೆ ಬೆರೆತು ರದ್ದಾಗುತ್ತದೆ. ಎರಡನ್ನೂ ಬೇರೆ ಮಾಡಲೆಂದೇ ಪೆಟ್ಟಿಗೆ.

ಆ ಹಿಂಬದಿಯ ಅಲೆಯನ್ನು ವ್ಯರ್ಥ ಮಾಡುವುದೇಕೆ? ಖಾಲಿ ಸೀಸೆಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲವೆ? ಇಂಥ ಪಾತ್ರೆಗಳ ಶಾಸ್ತ್ರವನ್ನು ಹೆಲ್ಮ್‌ಹೋಲ್ಟ್ಸ್ 1863ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ಪೆಟ್ಟಿಗೆಗೆ ಕೊಳವೆ ಇಟ್ಟು ಇದನ್ನೇ ಬಳಸುವ ಉಪಾಯಕ್ಕೆ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದರು. ಆದರೂ ಅಳತೆಗಳು ಬಹುಕಾಲ ಅಂದಾಜಿನವೇ. 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅವುಗಳನ್ನು ಲೆಕ್ಕಕ್ಕೆ ತಂದ ಮೇಲೆಯೇ ಮನೆಯಲ್ಲಿ ಕುಳಿತವನಿಗೂ ಒಳ್ಳೆಯ ಪೆಟ್ಟಿಗೆ ಮಾಡುವುದು ಸಾಧ್ಯವಾಯಿತು. ನೀವೇ ಲೆಕ್ಕ ಹಾಕಿ ನೋಡಿ: 50 ಲೀಟರ್ ಗಾಳಿ ಹಿಡಿಯುವ ಪೆಟ್ಟಿಗೆಗೆ 7.5 ಸೆಂ.ಮೀ. ವ್ಯಾಸದ, ಸುಮಾರು 24 ಸೆಂ.ಮೀ. ಉದ್ದದ ಕೊಳವೆ ಇಟ್ಟರೆ ಅದರ ಸ್ವರ ಸೆಕೆಂಡಿಗೆ 30 ಕಂಪನಗಳ ಆಸುಪಾಸು ಬರುತ್ತದೆ. (ಟಿ.ವಿ.ಯ ಪುಟ್ಟ ಸ್ಪೀಕರಿನಲ್ಲಿ ಇದನ್ನು ಕೇಳಿಸುವುದು ನಮ್ಮಿಂದಾಗದು. ಆದ್ದರಿಂದಲೇ ಈ ಬರಹ.)

ಲೆಕ್ಕ ಸರಿಯಿದ್ದರೂ ಸಂದಿನಲ್ಲಿ ಗಾಳಿ ಸೋರಿದರೆ ಎಲ್ಲವೂ ಹಾಳು. ಇಲ್ಲಿಂದ ಮುಂದಿನದು ಬಡಗಿಯ ವಿದ್ಯೆ. ಪದರಗಳ ಎಳೆಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟು ಅಂಟಿಸಿದ ಪ್ಲೈವುಡ್ ಹವೆಗೆ ಸುಲಭವಾಗಿ ಸೊಟ್ಟಗಾಗದು. ಅದರ ಸಂಶೋಧನೆಗೆಂದೇ 1962ರಲ್ಲಿ ಹುಟ್ಟಿದ ಸಂಸ್ಥೆ ಯಶವಂತಪುರದ ಆಚೆ, ತುಮಕೂರು ರಸ್ತೆಯಲ್ಲಿದೆ. 18 ಮಿಲಿಮೀಟರ್ ದಪ್ಪದ ಹಲಗೆ ಸಾಕು. ಮೊಳೆಯನ್ನೇ ನಂಬುವುದಕ್ಕಿಂತ, ಒಂದು ಹಲಗೆಯ ತುದಿಯ ಹಲ್ಲುಗಳು ಇನ್ನೊಂದರ ಹಲ್ಲುಗಳ ನಡುವೆ ಬಿಗಿಯಾಗಿ ಕೂರುವ ಜೋಡಣೆ ಮೇಲು. ಅಂಟು ಹಿಡಿಯಲು ಹೆಚ್ಚು ಜಾಗ ಸಿಗುತ್ತದೆ. ಹೊರಗೆ ಬೀಟೆಯ ತೆಳುಪದರ ಅಂಟಿಸಿ ಹೊಳಪು ಕೊಡುವುದು ಕಣ್ಣಿಗೆ, ಕಿವಿಗಲ್ಲ. ನಮ್ಮ ಶಾಲೆಗಳಲ್ಲಿ ಮರಗೆಲಸಕ್ಕೂ ಭೌತಶಾಸ್ತ್ರಕ್ಕೂ ಮುಖಪರಿಚಯವೇ ಇಲ್ಲದಿರುವುದು ನನಗೆ ದೊಡ್ಡ ನಷ್ಟವೆಂದೇ ತೋರುತ್ತದೆ.

ಜಕ್ಕೂರಿನ ಮರಗೆಲಸದ ಅಂಗಡಿಯೊಂದರಲ್ಲಿ ಕಾಲೇಜು ಹುಡುಗನೊಬ್ಬ ಇಂಥ ಪೆಟ್ಟಿಗೆ ಮಾಡಿಸುತ್ತಿದ್ದುದನ್ನು ನೋಡಿದ್ದೇನೆ. ಹಲಗೆ ಅದುರದಂತೆ ಒಳಗೆ ಒಂದು ಅಡ್ಡಪಟ್ಟಿ ಬೇಕೆಂದ ಹುಡುಗ. ಬಡಗಿ ಅದನ್ನು ಸರಿಯಾಗಿ ನಡುವೆ ಇಡಹೋದರು.

"ನಡುವೆ ಬೇಡಿ ಅಣ್ಣಾ, ಎರಡು ಭಾಗವೂ ಒಂದೇ ಸ್ವರಕ್ಕೆ ಅದುರುತ್ತವೆ" ಎಂದ ಹುಡುಗ.

ಬಡಗಿ ಹಲಗೆಯನ್ನು ಆಚೆ ಈಚೆ ತಟ್ಟಿ ಕಿವಿಗೊಟ್ಟರು. ಪಟ್ಟಿಯನ್ನು ಮೂರು ಬೆರಳಷ್ಟು ಪಕ್ಕಕ್ಕೆ ಸರಿಸಿ ಮತ್ತೆ ತಟ್ಟಿದರು. ಈಗ ಎರಡು ಕಡೆಯ ದನಿ ಬೇರೆ ಬೇರೆ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅಲ್ಲೇ ಗೆರೆ ಎಳೆದರು.